ಎರಡು ಉದ್ಯೋಗಗಳಲ್ಲಿ ಯಾವುದು?

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಶಾಲೆಯ ಏಳಿಗೆಯನ್ನು ಕುರಿತು ನಾಲ್ಕು ಮಾತು ಬರೆಯುವುದು ವಾಡಿಕೆ. ಆ ವಿವರಗಳೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವುದರಿಂದ, ಈ ಪುಟಗಳಲ್ಲಿ ಬೇರೊಂದು ವಿಷಯವನ್ನು ವಾಚಕರ ಮುಂದಿಡಲು ಅಪ್ಪಣೆ ಬೇಡುತ್ತೇನೆ. ನಮ್ಮ ಶಾಲೆಯ ಹೆಣ್ಣುಮಕ್ಕಳು ಈಗ ಹತ್ತನೆಯ ತರಗತಿಗೇ ನಿಲ್ಲುವವರಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಿಂದ ಹೊರಟು ಎಂ.ಎಸ್ಸಿ. ಮುಗಿಸಿದವರೂ, ಪಿಎಚ್.ಡಿ. ಪದವಿಯನ್ನು ಪಡೆದವರೂ ನಮ್ಮಲ್ಲಿದ್ದಾರೆ. ಅವರಲ್ಲಿ ಕೆಲವರು ಕೆಲವು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ ಅಥವಾ ಸಂಶೋಧನೆ ನಡೆಸಿ, ಆ ದಾರಿಯನ್ನು ಬಿಟ್ಟು ಹೊರಗಿನ ಉದ್ಯೋಗಕ್ಕೆ ಹೋಗಬೇಕೆಂದು ನಿಶ್ಚಯಿಸುತ್ತಾರೆ. ಆಗ ಒಂದಕ್ಕೆ ಎರಡು ಕಡೆಯಿಂದ ಕರೆ ಬಂದರೆ, ಸಂತೋಷಪಡಬೇಕಾದ ಸಮಯದಲ್ಲಿ ಚಿಂತೆಗೆ ಒಳಗಾಗುತ್ತಾರೆ. ಯಾವುದನ್ನು ಒಪ್ಪುವುದು, ಯಾವುದನ್ನು ಬಿಡುವುದು? ಈ ಪ್ರಶ್ನೆಯನ್ನು ಕೇಳಿ ಹಳೆಯ ವಿದ್ಯಾರ್ಥಿನಿಯರು ನನಗೆ ಬರೆಯುತ್ತಾರೆ. ಅವರ ತಂದೆತಾಯಿಗಳೂ ಬಂದು ವಿಚಾರಿಸುತ್ತಾರೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುತ್ತ ಬಂದಿರುವುದನ್ನು ಎಲ್ಲರಿಗೂ ಒಟ್ಟಾಗಿ ಹೇಳುವುದು ಮೇಲೆಂದು ತೋರಿತು.

ಮೊದಲು ಒಂದು ತಪ್ಪು ಭಾವನೆಯನ್ನು ದೂರಮಾಡಬೇಕಾಗಿದೆ. ಕಾಲೇಜನ್ನು ಬಿಟ್ಟು ಬಂದವಳು ಸೋತು ಬಂದವಳೆಂದು ನಮ್ಮ ಊರುಗಳಲ್ಲಿ ಮಾತನಾಡುವುದುಂಟು. ಇದು ನ್ಯಾಯವಲ್ಲ. ನಮ್ಮ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಮೀರಿದ ಅತಿಥಿ ಉಪನ್ಯಾಸಕರು ಪಾಠದ ಭಾರವನ್ನು ಹೊತ್ತು ಬಂದಿದ್ದಾರೆ. 2022ರ ಜನವರಿಯಲ್ಲಿ ಸರ್ಕಾರವು ಅವರ ಗೌರವಧನವನ್ನು ಹೆಚ್ಚಿಸಿದಾಗಲೂ, ಅದು ವಿದ್ಯಾರ್ಹತೆ ಮತ್ತು ಸೇವಾವಧಿಗೆ ಅನುಸಾರವಾಗಿ ತಿಂಗಳಿಗೆ 26,000 ರೂಪಾಯಿಯಿಂದ 32,000 ರೂಪಾಯಿಯವರೆಗೆ ಮಾತ್ರವೇ ಆಯಿತು. ಖಾಯಂ ಹುದ್ದೆಗಳ ಸ್ಥಿತಿಯೇನೆಂದರೆ, 2021ರಲ್ಲಿ ಅಧಿಸೂಚನೆ ಹೊರಟದ್ದು 1,242 ಸಹಾಯಕ ಪ್ರಾಧ್ಯಾಪಕರ ಸ್ಥಾನಗಳಿಗೆ. ಇಷ್ಟು ಸ್ಥಾನಗಳಿಗೆ ಅಷ್ಟು ಮಂದಿ ಕಾದು ನಿಂತಿರುವಲ್ಲಿ, ಎಲ್ಲರಿಗೂ ಸ್ಥಾನ ದೊರೆಯುವುದು ಲೆಕ್ಕದಲ್ಲಿಯೇ ಅಸಾಧ್ಯ. ಇದು ನಮ್ಮ ದೇಶದ ಮಾತು ಮಾತ್ರವೇ ಅಲ್ಲ. ಜರ್ಮನಿಯ ಪಂಡಿತನಾದ ಮ್ಯಾಕ್ಸ್ ವೇಬರನು 1917ರಲ್ಲಿ ಮ್ಯೂನಿಕ್ ನಗರದ ವಿದ್ಯಾರ್ಥಿಗಳ ಮುಂದೆ ಮಾಡಿದ ಒಂದು ಉಪನ್ಯಾಸದಲ್ಲಿ, ವಿಶ್ವವಿದ್ಯಾನಿಲಯದ ಸ್ಥಾನವು ಯೋಗ್ಯತೆಗೆ ಸಿಕ್ಕುವುದಕ್ಕಿಂತ ಹೆಚ್ಚಾಗಿ ಅದೃಷ್ಟಕ್ಕೆ ಸಿಕ್ಕುವಂಥದ್ದೆಂದೂ, ಈ ದಾರಿಗೆ ಬರುವವರಿಗೆ ಇದನ್ನು ಮೊದಲೇ ತಿಳಿಸಬೇಕೆಂದೂ ಎಚ್ಚರಿಸಿದನು. ಹೀಗಿರುವಲ್ಲಿ, ಆರು ವರ್ಷ ಕಾದು ಏಳನೆಯ ವರ್ಷ ಹೊರಡುವವಳನ್ನು ವಿವೇಕಿಯೆಂದು ಕರೆಯಬಹುದೇ ಹೊರತು ಸೋತವಳೆಂದು ಕರೆಯಲಾಗದು.

ಕಾಯುವುದು ಯಾವಾಗಲೂ ಗುಣವೇ ಎಂಬ ವಿಷಯವನ್ನು ನಮ್ಮ ಸೀಮೆಯವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟಕ್ಕೆ ಏರಿಸಿ, ಹತ್ತು ಹನ್ನೆರಡು ತಿಂಗಳು ಕಾದು, ಒಳಗಿನ ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟ ಮೇಲೆ ಉಂಡೆ ಕೊಬ್ಬರಿಯನ್ನು ತೆಗೆಯುವವರು ನಾವು. ಆದರೂ ಕಾದವರೆಲ್ಲರಿಗೂ ಒಳ್ಳೆಯ ಬೆಲೆ ಸಿಕ್ಕಿತೇ? 2023ನೆಯ ಸಾಲಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆಯು ಕ್ವಿಂಟಲಿಗೆ 11,750 ರೂಪಾಯಿ. ಆ ವರ್ಷ ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆಯು ಅದಕ್ಕಿಂತಲೂ ಕೆಳಗೆ ಇಳಿದು, ರೈತರು ಬೀದಿಗೆ ಇಳಿಯಬೇಕಾಯಿತು. 2025ರಲ್ಲಿ ಅದೇ ಮಾರುಕಟ್ಟೆಯಲ್ಲಿ ಧಾರಣೆಯು 20,000 ರೂಪಾಯಿಯನ್ನು ದಾಟಿತು. ಮೊದಲನೆಯ ವರ್ಷ ಸಾಲಕ್ಕಾಗಿ ಮಾರಿದವನು ದಡ್ಡನಲ್ಲ; ಎರಡನೆಯ ವರ್ಷದವರೆಗೆ ಅಟ್ಟ ತುಂಬಿಟ್ಟುಕೊಂಡವನು ಮಹಾಜ್ಞಾನಿಯೂ ಅಲ್ಲ. ಕಾಯುವ ಶಕ್ತಿ ಯಾರಿಗೆ ಎಷ್ಟು ಇತ್ತೆಂಬುದೇ ಅಲ್ಲಿ ಮುಖ್ಯವಾಗಿತ್ತು. ಉದ್ಯೋಗವನ್ನು ಆರಿಸುವಾಗಲೂ ಈ ಮಾತನ್ನು ಮರೆಯಬಾರದು.

ಈಗ ಎರಡು ಕರೆಗಳ ವಿಚಾರಕ್ಕೆ ಬರೋಣ. ಇವನ್ನು ಅಳೆಯುವುದಕ್ಕೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಅಳತೆಗೋಲುಗಳನ್ನು ಉಪಯೋಗಿಸುತ್ತಾರೆ. ಒಂದು, ಸಂಬಳ, ಎರಡು, ಊರಿಗೆ ಎಷ್ಟು ಹತ್ತಿರ ಎಂಬುದು, ಮೂರು, ಹುದ್ದೆಯ ಹೆಸರು. ಈ ಮೂರೂ ನಿರರ್ಥಕವೆಂದು ನಾನು ಹೇಳುವುದಿಲ್ಲ. ಆದರೆ ಮೂರೂ ಸೇರಿದರೂ ಸಾಲದು. ಇವು ಉದ್ಯೋಗವು ಸೇರಿದ ದಿನ ಏನನ್ನು ಕೊಡುತ್ತದೆ ಎಂಬುದನ್ನು ತಿಳಿಸುತ್ತವೆ. ಅದು ಐದು ವರ್ಷಗಳಾದ ಮೇಲೆ ಮನುಷ್ಯಳನ್ನು ಯಾವ ಸ್ಥಿತಿಯಲ್ಲಿ ಬಿಡುತ್ತದೆ ಎಂಬುದನ್ನು ತಿಳಿಸುವುದಿಲ್ಲ. ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುವುದಾದರೆ, ಕೇಳಬೇಕಾದ ಮುಖ್ಯ ಪ್ರಶ್ನೆ ಇದು: ಈ ಎರಡರಲ್ಲಿ ಯಾವ ಉದ್ಯೋಗವನ್ನು ಐದು ವರ್ಷ ಮಾಡಿದರೆ, ಮೂರನೆಯದೊಂದನ್ನು ನಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯವು ನನಗೆ ಹೆಚ್ಚಾಗಿರುತ್ತದೆ? ಒಂದು ಉದ್ಯೋಗವು ಕೈಗೆ ಕಸಬನ್ನು ಕೊಟ್ಟು, ಎಲ್ಲಿ ಬೇಕಾದರೂ ಬದುಕುವಂತೆ ಮಾಡುತ್ತದೆ. ಇನ್ನೊಂದು ಒಳ್ಳೆಯ ಸಂಬಳವನ್ನೇ ಕೊಟ್ಟರೂ, ಅದನ್ನು ಬಿಟ್ಟರೆ ಬೇರೆಲ್ಲಿಯೂ ನಡೆಯದಂಥ ಕೆಲಸವನ್ನಷ್ಟೇ ಕಲಿಸಿ ಕಟ್ಟಿಹಾಕುತ್ತದೆ. ಮೊದಲನೆಯದು ಮೇಲು.

ತೋಟದವರಿಗೆ ಇದನ್ನು ಹೇಳುವುದು ಸುಲಭ. ಎತ್ತರದ ತಳಿಯ ತೆಂಗು ಫಲಕ್ಕೆ ಬರಲು ಆರರಿಂದ ಎಂಟು ವರ್ಷ ಹಿಡಿಯುತ್ತದೆ. ಆದರೆ ಅರವತ್ತು ವರ್ಷಕ್ಕೂ ಮೀರಿ ಕಾಯಿ ಕೊಡುತ್ತದೆ. ಅದರ ಕಾಯಿಯಿಂದ ಕೊಬ್ಬರಿಯೂ ಆಗುತ್ತದೆ, ಎಣ್ಣೆಯೂ ಆಗುತ್ತದೆ. ಗಿಡ್ಡ ತಳಿಯು ಮೂರು ನಾಲ್ಕು ವರ್ಷಕ್ಕೇ ಹೊಂಬಾಳೆ ಬಿಡುತ್ತದೆ. ಎಳನೀರಿಗೆ ಚೆನ್ನ, ಕೊಬ್ಬರಿಗೆ ಅಷ್ಟಾಗಿ ಅಲ್ಲ. ಅದರ ಆಯುಸ್ಸೂ ಕಡಮೆ. ಯಾವ ರೈತನೂ ಇವೆರಡರಲ್ಲಿ ಒಂದು ಕೆಟ್ಟದ್ದೆಂದು ಹೇಳುವುದಿಲ್ಲ. ಮನೆಯ ಅವಶ್ಯಕತೆಯನ್ನು ನೋಡಿ ನೆಡುತ್ತಾನೆ. ಆದರೆ ಗಿಡ್ಡ ಸಸಿಯನ್ನು ನೆಟ್ಟು ಉಂಡೆ ಕೊಬ್ಬರಿಯನ್ನು ನಿರೀಕ್ಷಿಸುವವನನ್ನು ನೋಡಿ ನಗುತ್ತಾನೆ.

ಈಗ ಒಂದು ನಿಜವಾದ ಸಂಗತಿಯನ್ನು ತೆಗೆದುಕೊಂಡು ಈ ಅಳತೆಯನ್ನು ಪರೀಕ್ಷಿಸೋಣ. ಹೆಸರು ಹೇಳುವುದು ಉಚಿತವಲ್ಲ. ತುರುವೇಕೆರೆಯ ಕಡೆಯ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಜೀವರಸಾಯನ ಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿ, ಆರು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದು, ಕೊನೆಗೆ ಆ ಕೆಲಸವನ್ನು ಬಿಡಲು ನಿಶ್ಚಯಿಸಿದಳು. ಆಕೆಗೆ ಎರಡು ಕರೆಗಳು ಬಂದವು. ಮೊದಲನೆಯದು ಬೆಂಗಳೂರಿನ ದೊಡ್ಡ ಆಹಾರ ಕಂಪನಿಯೊಂದರದು: ಮ್ಯಾನೇಜರ್ ಎಂಬ ಹೆಸರು, ವರ್ಷಕ್ಕೆ ಒಂಬತ್ತು ಲಕ್ಷ ರೂಪಾಯಿ, ಎರಡು ವರ್ಷ ಬಿಟ್ಟುಹೋಗುವುದಿಲ್ಲವೆಂಬ ಕರಾರು. ಕೆಲಸವೇನೆಂದರೆ, ಪದಾರ್ಥಗಳ ಪರವಾನಗಿಗೂ ಪೊಟ್ಟಣದ ಮೇಲಿನ ಚೀಟಿಗೂ ಬೇಕಾದ ಕಾಗದಪತ್ರಗಳನ್ನು ಸಿದ್ಧಪಡಿಸುವುದು. ಎರಡನೆಯದು ತಿಪಟೂರಿನ ಹತ್ತಿರ ತೆಂಗಿನಕಾಯಿಯನ್ನು ತುರಿದು ಒಣಗಿಸಿ ಪುಡಿಮಾಡುವ ಕಾರ್ಖಾನೆಯದು: ಸುಮಾರು ಎಂಬತ್ತು ಜನ ಕೆಲಸಗಾರರು, ತಿಂಗಳಿಗೆ ನಲವತ್ತು ಸಾವಿರ ಸಂಬಳ. ಅಲ್ಲಿಯ ಮಾಲೀಕರು ಅದುವರೆಗೆ ಮಾದರಿಗಳನ್ನು ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸುತ್ತಿದ್ದು, ಈಗ ತಮ್ಮದೇ ಪ್ರಯೋಗಶಾಲೆಯನ್ನು ತೆರೆಯಬೇಕೆಂದಿದ್ದರು. ಅದನ್ನು ಏರ್ಪಡಿಸಿ ನಡೆಸುವುದು ಈಕೆಯ ಕೆಲಸ. ಮನೆಯಲ್ಲಿ ಕೊಳವೆ ಬಾವಿಗಾಗಿ ತಂದೆಯು ಮಾಡಿದ ನಾಲ್ಕು ಲಕ್ಷ ರೂಪಾಯಿ ಸಾಲವಿತ್ತು.

ತಂದೆಗೆ ಸಂದೇಹವೇ ಇರಲಿಲ್ಲ. ಒಂದು ಕಡೆ ಎರಡರಷ್ಟು ಸಂಬಳ, ಮ್ಯಾನೇಜರ್ ಪದವಿ, ಬೆಂಗಳೂರು. ಇನ್ನೊಂದು ಕಡೆ ಕಾಯಿ ಕಾರ್ಖಾನೆ. "ಡಾಕ್ಟರೇಟ್ ಮಾಡಿದವಳು ಕಾಯಿ ಒಡೆಯೋ ಜಾಗಕ್ಕೆ ಹೋಗ್ತಾಳೆ ಅಂದ್ರೆ ಜನ ಏನಂತಾರೆ ಮೇಡಂ?" ಎಂದು ಅವರು ನನ್ನನ್ನು ಕೇಳಿದರು. ಪ್ರಶ್ನೆ ಸಹಜವಾದದ್ದೇ. ಮಗಳನ್ನು ಓದಿಸುವುದಕ್ಕಾಗಿ ಆ ಮನೆ ಬಿಟ್ಟುಕೊಟ್ಟದ್ದು ಸ್ವಲ್ಪವಲ್ಲ.

ಆದರೆ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದಾಗ ಎರಡರಷ್ಟೆಂಬ ಸಂಬಳವು ಹಾಗೆ ನಿಲ್ಲಲಿಲ್ಲ. ಕಂಪನಿಯವರು ಹೇಳುವ ವಾರ್ಷಿಕ ಮೊತ್ತವು ಅವರಿಗೆ ತಗಲುವ ಒಟ್ಟು ವೆಚ್ಚ. ಅದರೊಳಗೆ ಭವಿಷ್ಯನಿಧಿಗೆ ಅವರು ಕಟ್ಟುವ ಪಾಲು, ಉಪದಾನದ ಹಣ, ವಿಮೆ, ಕೆಲಸ ನೋಡಿ ವರ್ಷದ ಕೊನೆಗೆ ಕೊಡುವ ಭಾಗ, ಎಲ್ಲವೂ ಸೇರಿರುತ್ತದೆ. ಅದನ್ನೆಲ್ಲ ಕಳೆದು ತಿಂಗಳಿಗೆ ಕೈಗೆ ಬರುವುದು ಸುಮಾರು 60,000 ರೂಪಾಯಿ ಎಂದು ವಿಚಾರಿಸಿದ ಮೇಲೆ ತಿಳಿಯಿತು. ಬೆಂಗಳೂರಿನಲ್ಲಿ ಇರುವ ಕೋಣೆ, ಊಟ, ಓಡಾಟ, ಬಟ್ಟೆಬರೆ, ತಿಂಗಳಿಗೆ ಎರಡು ಸಲ ಊರಿಗೆ ಬರುವ ಖರ್ಚು ಇವಕ್ಕೆ 25,000 ಹೋದರೆ, ಉಳಿಯುವುದು 35,000. ತಿಪಟೂರಿನ ಸಂಬಳದಲ್ಲಿ ಭವಿಷ್ಯನಿಧಿ ಕಳೆದು ಕೈಗೆ 38,000. ಬಸ್ಸಿಗೂ ಮಧ್ಯಾಹ್ನದ ಊಟಕ್ಕೂ 4,000, ಮನೆಯ ಖರ್ಚಿಗೆಂದು ತಾಯಿಯ ಕೈಗೆ 5,000 ಕೊಟ್ಟರೆ, ಉಳಿಯುವುದು 29,000. ವ್ಯತ್ಯಾಸವು ತಿಂಗಳಿಗೆ ಆರು ಸಾವಿರ. ಬಡ್ಡಿಯನ್ನು ಬಿಟ್ಟು ನೋಡಿದರೆ, ತಂದೆಯ ಸಾಲವು ಬೆಂಗಳೂರಿನ ಸಂಬಳದಿಂದ ಹನ್ನೆರಡು ತಿಂಗಳಲ್ಲಿಯೂ ತಿಪಟೂರಿನ ಸಂಬಳದಿಂದ ಹದಿನಾಲ್ಕು ತಿಂಗಳಲ್ಲಿಯೂ ತೀರುವುದು. ಎರಡು ತಿಂಗಳ ವ್ಯತ್ಯಾಸಕ್ಕಾಗಿ ಮುಂದಿನ ಜೀವನವನ್ನು ನಿರ್ಧರಿಸುವುದು ಸರಿಯೇ ಎಂದು ಕೇಳಿದಾಗ ತಂದೆಯು ಸುಮ್ಮನಾದರು.

ಹಣದ ಮಾತು ಹೀಗೆ ಹಗುರವಾದ ಮೇಲೆ, ಐದು ವರ್ಷದ ಪ್ರಶ್ನೆಯನ್ನು ಕೇಳುವುದಕ್ಕೆ ಅವಕಾಶವಾಯಿತು. ಒಂದು ಕಂಪನಿಯ ಕಾಗದಪತ್ರಗಳನ್ನು ಆ ಕಂಪನಿಯ ಪದ್ಧತಿಯಂತೆ ಬರೆದವಳಿಗೆ, ಅಂಥ ಇನ್ನೊಂದು ದೊಡ್ಡ ಕಂಪನಿಯಲ್ಲಿ ಮಾತ್ರವೇ ಬೆಲೆ. ಪ್ರಯೋಗಶಾಲೆಯನ್ನು ಬರಿಯ ಕೋಣೆಯಿಂದ ಆರಂಭಿಸಿ, ಉಪಕರಣ ಕೊಂಡು, ಕೆಲಸದವರಿಗೆ ಕಲಿಸಿ, ನಡೆಸಿ ತೋರಿಸಿದವಳನ್ನು ತೆಂಗು, ಹಾಲು, ಸಾಂಬಾರ ಪದಾರ್ಥ, ಹಣ್ಣಿನ ರಸ ಎಲ್ಲ ಕಾರ್ಖಾನೆಗಳೂ ಹುಡುಕಿಕೊಂಡು ಬರುತ್ತವೆ. ಆ ಕೆಲಸವು ಕೀಳೂ ಅಲ್ಲ. 1950ರ ದಶಕದಲ್ಲಿ ಸಿಂಹಳದಿಂದ ಪರದೇಶಗಳಿಗೆ ಹೋದ ತೆಂಗಿನ ಪುಡಿಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣುಗಳು ಸಿಕ್ಕಿ, ಅದನ್ನು ತಿಂದವರು ಕಾಯಿಲೆ ಬಿದ್ದರು. ಆಮೇಲೆ ಆ ಉದ್ಯಮದವರು ಶುಚಿಯ ಕ್ರಮಗಳನ್ನು ಹೊಸದಾಗಿ ಕಲಿಯಬೇಕಾಯಿತು. ಬೂಷ್ಟು ಹಿಡಿದ ಕೊಬ್ಬರಿಯಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವು ಕಣ್ಣಿಗೆ ಕಾಣದೆ ಯಕೃತ್ತನ್ನು ಕೆಡಿಸತಕ್ಕದ್ದು. ಜೀವರಸಾಯನ ಶಾಸ್ತ್ರವನ್ನು ಓದಿದವಳಿಗೆ ಇದಕ್ಕಿಂತ ಯೋಗ್ಯವಾದ ಕೆಲಸ ಯಾವುದಿದೆ?

ಆದರೂ ಆ ಎರಡನೆಯ ಕರೆಯಲ್ಲಿ ಒಂದು ದೊಡ್ಡ ಕೊರತೆಯಿತ್ತು, ಅದನ್ನು ಮುಚ್ಚಿಡಬಾರದು. ಅಲ್ಲಿ ವಿಜ್ಞಾನವನ್ನು ತಿಳಿದವಳು ಈಕೆಯೊಬ್ಬಳೇ. ಮೇಲಿನವರು ಯಾರೂ ಕಲಿಸುವವರಿಲ್ಲದ ಸ್ಥಳದಲ್ಲಿ ಒಂಟಿಯಾಗಿ ಕೆಲಸ ಮಾಡುವವಳ ವಿದ್ಯೆಯು ಕೆಲವು ವರ್ಷಗಳಲ್ಲಿಯೇ ತುಕ್ಕು ಹಿಡಿಯುವುದುಂಟು. ಆದ್ದರಿಂದ ಒಪ್ಪುವ ಮೊದಲು ಮೂರು ವಿಷಯಗಳನ್ನು ಬರೆಸಿಕೊಳ್ಳುವಂತೆ ಹೇಳಿದೆನು. ಮೊದಲನೆಯದು, ಕೆಟ್ಟ ಮಾಲನ್ನು ಹೊರಗೆ ಹೋಗದಂತೆ ತಡೆಯುವ ಅಧಿಕಾರವು ಆಕೆಗಿರಬೇಕು. ಎರಡನೆಯದು, ಪರೀಕ್ಷೆಯ ವರದಿಗಳಿಗೆ ಆಕೆಯದೇ ಸಹಿ ಇರಬೇಕು. ಮೂರನೆಯದು, ವರ್ಷಕ್ಕೊಮ್ಮೆ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಂಥ ಸ್ಥಳಕ್ಕೆ ಅಲ್ಪಾವಧಿಯ ಶಿಕ್ಷಣಕ್ಕಾಗಿ ಕಳಿಸಬೇಕು. ಮಾಲೀಕರು ಮೊದಲಿನ ಎರಡನ್ನು ಹಾಗೆಯೇ ಒಪ್ಪಿದರು. ಮೂರನೆಯದಕ್ಕೆ ರಜೆ ಕೊಡುವೆವು, ಖರ್ಚಿನಲ್ಲಿ ಅರ್ಧ ಕೊಡುವೆವು ಎಂದು ಬರೆದರು. ಆಕೆ ಅಲ್ಲಿಗೇ ಸೇರಿದಳು. ತಂದೆಗೆ ಇನ್ನೂ ಪೂರ್ಣ ಸಮಾಧಾನವಾಗಿಲ್ಲವೆಂಬುದನ್ನೂ ಹೇಳಬೇಕು. ಯಾರಾದರೂ ಕೇಳಿದರೆ ಮಗಳು "ಲ್ಯಾಬಿನಲ್ಲಿದ್ದಾಳೆ" ಎಂದು ಮಾತ್ರ ಹೇಳುತ್ತಾರಂತೆ.

ಇದನ್ನು ಓದಿ, ಹತ್ತಿರದ ಸಣ್ಣ ಉದ್ಯೋಗವೇ ಯಾವಾಗಲೂ ಮೇಲೆಂದು ನಾನು ಹೇಳುತ್ತಿರುವೆನೆಂದು ಯಾರೂ ತಿಳಿಯಬಾರದು. ಮಾಲೀಕರು ಆ ಮೊದಲನೆಯ ಷರತ್ತನ್ನು ಒಪ್ಪದೆ ಹೋಗಿದ್ದರೆ, ಬೆಂಗಳೂರಿಗೇ ಹೋಗೆಂದು ಹೇಳುತ್ತಿದ್ದೆನು. ಮನೆಯ ಸಾಲವು ನಾಲ್ಕು ಲಕ್ಷದ ಬದಲು ಹದಿನಾರು ಲಕ್ಷವಾಗಿದ್ದರೆ, ತಿಂಗಳ ಆರು ಸಾವಿರವೂ ದೊಡ್ಡದೇ ಆಗುತ್ತಿತ್ತು. ಬೆಂಗಳೂರಿನ ಕೆಲಸವು ಕಾಗದದ್ದಾಗದೆ, ಹತ್ತು ಮಂದಿ ಅನುಭವಿಗಳ ಕೈಕೆಳಗೆ ಪ್ರಯೋಗಶಾಲೆಯ ಕೆಲಸವಾಗಿದ್ದರೆ, ಐದು ವರ್ಷದ ಪ್ರಶ್ನೆಗೆ ಉತ್ತರವೇ ಬೇರೆಯಾಗುತ್ತಿತ್ತು. ಊರಿನ ಸೇವೆ ಎಂಬ ದೊಡ್ಡ ಮಾತನ್ನು ಹೇಳಿ ಹುಡುಗಿಯರನ್ನು ಕಡಮೆ ಸಂಬಳಕ್ಕೆ ಒಪ್ಪಿಸುವುದು ಕೂಡ ಒಂದು ಬಗೆಯ ಅನ್ಯಾಯ. ಅಂಥ ಮಾತನ್ನು ಗಂಡುಮಕ್ಕಳಿಗೆ ನಾವು ಅಷ್ಟಾಗಿ ಹೇಳುವುದಿಲ್ಲವೆಂಬುದನ್ನು ಗಮನಿಸಬೇಕು.

ನಮ್ಮ ನಾಡಿನಲ್ಲಿ ಎಲ್ಲರೂ ಬಲ್ಲ ಒಂದು ಉದಾಹರಣೆಯೂ ಇಲ್ಲಿ ನೆನಪಿಗೆ ಬರುತ್ತದೆ. ಎನ್. ಆರ್. ನಾರಾಯಣ ಮೂರ್ತಿಯವರು ಮೈಸೂರಿನಲ್ಲಿ ಎಂಜಿನಿಯರಿಂಗ್ ಪದವಿಯನ್ನೂ, ಆ ಮೇಲೆ 1969ರಲ್ಲಿ ಕಾನ್‌ಪುರದ ಐ.ಐ.ಟಿ.ಯಲ್ಲಿ ಎಂ.ಟೆಕ್. ಪದವಿಯನ್ನೂ ಪಡೆದು ಹೊರಬಂದಾಗ, ಅವರಿಗೆ ಹೆಚ್ಚಿನ ಸಂಬಳದ ಬೇರೆ ಕರೆಗಳಿದ್ದವು. ಅವರು ಒಪ್ಪಿದ್ದು ಅಹಮದಾಬಾದಿನ ಐ.ಐ.ಎಂ. ಸಂಸ್ಥೆಯಲ್ಲಿ ಗಣಕಯಂತ್ರವನ್ನು ನೋಡಿಕೊಳ್ಳುವ, ಕಡಮೆ ಸಂಬಳದ ಸ್ಥಾನವನ್ನು. ಒಂದು ಯಂತ್ರವನ್ನು ಏಕಕಾಲದಲ್ಲಿ ಅನೇಕರು ಉಪಯೋಗಿಸುವ ಹೊಸ ಪದ್ಧತಿಯನ್ನು ಅಲ್ಲಿ ಕಲಿಯಬಹುದಾಗಿತ್ತು, ಅದೇ ಕಾರಣ. ಅವರ ತಂದೆ ಶಾಲೆಯ ಉಪಾಧ್ಯಾಯರು, ಮನೆಯಲ್ಲಿ ಎಂಟು ಮಕ್ಕಳು; ಆದುದರಿಂದ ಸಂಬಳವು ಆ ಮನೆಗೆ ಬೇಡವಾದ ವಸ್ತುವೇನೂ ಆಗಿರಲಿಲ್ಲ. ಆ ಆಯ್ಕೆಯು ತಮಗೆ ಬಹಳ ಒಳ್ಳೆಯದನ್ನು ಮಾಡಿತೆಂದು ಅವರೇ ಅನೇಕ ಸಭೆಗಳಲ್ಲಿ ಹೇಳಿದ್ದಾರೆ. ಆದರೆ ಇಂಥ ಕಥೆಗಳನ್ನು ಕೇಳುವಾಗ ಒಂದು ಎಚ್ಚರಿಕೆ ಬೇಕು. ಕಡಮೆ ಸಂಬಳಕ್ಕೆ ಒಪ್ಪಿ, ಏನೂ ಕಲಿಯದೆ, ಹಾಗೆಯೇ ಉಳಿದವರನ್ನು ಯಾರೂ ಸಭೆಗೆ ಕರೆದು ಭಾಷಣ ಮಾಡಿಸುವುದಿಲ್ಲ. ಕಡಮೆ ಸಂಬಳವು ತಾನಾಗಿಯೇ ಒಂದು ಸದ್ಗುಣವಲ್ಲ; ಅದಕ್ಕೆ ಪ್ರತಿಯಾಗಿ ಏನು ಕಲಿಯಲು ಸಿಕ್ಕುತ್ತದೆ ಎಂಬುದೇ ವಿಚಾರ.

ಹೆಣ್ಣುಮಕ್ಕಳಿಗೆ ಇನ್ನೂ ಹತ್ತಿರವಾದ ಉದಾಹರಣೆ ಅನ್ನಾ ಮಣಿಯವರದು. ತಿರುವಾಂಕೂರು ಸೀಮೆಯ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದ ಆಕೆ, 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಸರ್ ಸಿ. ವಿ. ರಾಮನ್ನರ ಕೈಕೆಳಗೆ ವಜ್ರ ಮತ್ತು ಮಾಣಿಕ್ಯಗಳ ಬೆಳಕನ್ನು ಕುರಿತು ಸಂಶೋಧನೆ ನಡೆಸಿ, ಸ್ವಂತ ಹೆಸರಿನಲ್ಲಿ ಐದು ಪ್ರಬಂಧಗಳನ್ನು ಪ್ರಕಟಿಸಿದರು. 1945ರಲ್ಲಿ ಪಿಎಚ್.ಡಿ. ಪದವಿಗಾಗಿ ಪ್ರಬಂಧವನ್ನು ಒಪ್ಪಿಸಿದಾಗ, ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣದಿಂದ ಮದರಾಸು ವಿಶ್ವವಿದ್ಯಾನಿಲಯವು ಪದವಿಯನ್ನು ಕೊಡಲಿಲ್ಲ. ಆಗ ಇಂಗ್ಲೆಂಡಿನಲ್ಲಿ ಕಲಿಯುವುದಕ್ಕೆ ಸಿಕ್ಕ ವಿದ್ಯಾರ್ಥಿವೇತನವೂ ಆಕೆ ಬಯಸಿದ ಭೌತಶಾಸ್ತ್ರಕ್ಕಲ್ಲ, ಹವಾಮಾನವನ್ನು ಅಳೆಯುವ ಉಪಕರಣಗಳಿಗೆ. ಎರಡು ಕರೆಗಳ ಸುಖವು ಆಕೆಗೆ ಇರಲಿಲ್ಲ. ಆಕೆ ಹೋದರು, ಕಲಿತರು; 1948ರಲ್ಲಿ ಮರಳಿ ಬಂದು ಪುಣೆಯಲ್ಲಿ ಹವಾಮಾನ ಇಲಾಖೆಯನ್ನು ಸೇರಿ, ಅದುವರೆಗೆ ಪರದೇಶದಿಂದ ತರಿಸುತ್ತಿದ್ದ ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಕ್ರಮಪಡಿಸಿ, ಇಲ್ಲಿಯೇ ಅವನ್ನು ತಯಾರಿಸುವುದಕ್ಕೆ ದಾರಿಮಾಡಿದರು. 1976ರಲ್ಲಿ ಆ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು. ನಿವೃತ್ತಿಯ ಬಳಿಕ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯು ಆಕೆಯನ್ನು ಸಂದರ್ಶಕ ಪ್ರಾಧ್ಯಾಪಕಿಯಾಗಿ ಕರೆಸಿಕೊಂಡಿತು. ಪದವಿಯ ಕಾಗದವಿಲ್ಲದೆ ಬಿಟ್ಟುಹೋದ ಊರಿಗೇ ಆಕೆ ತಿರುಗಿ ಬಂದದ್ದು ಕೈಯಲ್ಲಿದ್ದ ಕಸಬಿನ ಬಲದಿಂದ. ಒಳ್ಳೆಯ ಉದ್ಯೋಗವು ವಿದ್ಯೆಯ ಮನೆಯ ಬಾಗಿಲನ್ನು ಹಿಂದಿನಿಂದ ಮುಚ್ಚುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು, ಎರಡರಲ್ಲಿ ಯಾವುದಕ್ಕೆ ಒಪ್ಪುವುದಾದರೂ ಮೊದಲು ವಿಚಾರಿಸಿ ತಿಳಿಯತಕ್ಕ ಕೆಲವು ಸಂಗತಿಗಳಿವೆ. ಈ ಸ್ಥಾನದಲ್ಲಿ ಹಿಂದೆ ಯಾರಿದ್ದರು, ಅವರು ಏಕೆ ಬಿಟ್ಟರು ಎಂದು ಕೇಳಬೇಕು. ಸಾಧ್ಯವಾದರೆ ಅವರನ್ನೇ ಕಂಡು ಮಾತನಾಡಬೇಕು. ಯಾರ ಕೈಕೆಳಗೆ ಕೆಲಸ ಮಾಡಬೇಕೋ ಅವರನ್ನು ನೋಡದೆ ಒಪ್ಪಬಾರದು. ನೇಮಕದ ಆಜ್ಞೆಯು ಬರವಣಿಗೆಯಲ್ಲಿರಬೇಕು. ಬಿಟ್ಟುಹೋಗಬಾರದೆಂಬ ಕರಾರಿದ್ದರೆ, ಮುರಿದಾಗ ಎಷ್ಟು ಹಣ ಕಟ್ಟಬೇಕೆಂಬುದನ್ನು ಓದಿ ತಿಳಿಯಬೇಕು. ಭವಿಷ್ಯನಿಧಿ ಉಂಟೇ ಎಂದು ಕೇಳುವುದಕ್ಕೆ ಸಂಕೋಚಪಡಬಾರದು. 2013ರ ಕಾಯಿದೆಯ ಪ್ರಕಾರ, ಹತ್ತು ಅಥವಾ ಹೆಚ್ಚು ಜನರು ಕೆಲಸ ಮಾಡುವ ಸ್ಥಳದಲ್ಲಿ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಅದರಲ್ಲಿ ಯಾರಿದ್ದಾರೆಂದು ಕೇಳಿದರೆ ಆ ಸ್ಥಳದ ಗುಣವು ಅರ್ಧ ತಿಳಿಯುತ್ತದೆ. ಹೆರಿಗೆಯ ರಜೆಯನ್ನು 2017ರಲ್ಲಿ ಇಪ್ಪತ್ತಾರು ವಾರಗಳಿಗೆ ಹೆಚ್ಚಿಸಲಾಯಿತು. ಹಿಂದೆ ಆ ರಜೆಯನ್ನು ಪಡೆದು ಮರಳಿ ಅದೇ ಸ್ಥಾನಕ್ಕೆ ಬಂದವರು ಅಲ್ಲಿ ಇದ್ದಾರೆಯೇ ಎಂಬುದು ಕಾಯಿದೆಯ ಪುಸ್ತಕಕ್ಕಿಂತ ಹೆಚ್ಚು ತಿಳಿಸುವ ಸಂಗತಿ. ಇಂಥ ಪ್ರಶ್ನೆಗಳನ್ನು ಕೇಳಿದ್ದಕ್ಕಾಗಿ ಅಸಮಾಧಾನಗೊಂಡು ಕರೆಯನ್ನು ಹಿಂತೆಗೆದುಕೊಳ್ಳುವ ಸಂಸ್ಥೆಯು, ನಮ್ಮ ಹುಡುಗಿಗೆ ಮುಂದಾಗಬಹುದಾಗಿದ್ದ ಕಷ್ಟವನ್ನು ತಪ್ಪಿಸಿದಂತಾಯಿತೆಂದು ತಿಳಿಯತಕ್ಕದ್ದು.

ಪೋಷಕರಿಗೆ ಒಂದು ಮಾತು. ತಾವು ಸಾಲದ ವಿಷಯವನ್ನು ಮಗಳಿಂದ ಮುಚ್ಚಿಡಬೇಡಿರಿ. ಹಾಗೆಯೇ ಅದನ್ನು ಹಿಡಿದು ಆಕೆಯನ್ನು ಅಂಜಿಸಲೂ ಬೇಡಿರಿ. ಮೊತ್ತವೆಷ್ಟು, ಬಡ್ಡಿಯೆಷ್ಟು, ಯಾವಾಗ ಕಟ್ಟಬೇಕು ಎಂಬುದನ್ನು ಕಾಗದದ ಮೇಲೆ ಬರೆದು ಆಕೆಯ ಮುಂದಿಡಿರಿ. ಲೆಕ್ಕವನ್ನು ಕಂಡವಳು ತನ್ನ ಪಾಲಿನ ಹೊಣೆಯನ್ನು ತಾನೇ ಹೊರುತ್ತಾಳೆ. ಲೆಕ್ಕವನ್ನು ಕಾಣದವಳು ಹೆದರಿಕೆಯಿಂದ ಹೆಚ್ಚಿನ ಅಂಕಿಗೆ ಕೈ ಚಾಚುತ್ತಾಳೆ. ಅಲ್ಲದೆ, "ಮದುವೆ ಆಗುವವರೆಗೆ ಯಾವುದೋ ಒಂದು ಕೆಲಸ" ಎಂಬ ಮಾತನ್ನು ದಯವಿಟ್ಟು ಮನೆಯಲ್ಲಿ ಆಡಬೇಡಿರಿ. ಹಾಗೆ ಕೇಳಿ ಕೇಳಿ ಬೆಳೆದವಳು ಐದು ವರ್ಷದ ಪ್ರಶ್ನೆಯನ್ನು ತನ್ನನ್ನು ತಾನು ಕೇಳಿಕೊಳ್ಳುವುದೇ ಇಲ್ಲ. ಕೊನೆಯ ತೀರ್ಮಾನವು ಆಕೆಯದಾಗಿರಲಿ. ದಿನವೂ ಬಸ್ಸು ಹತ್ತಿ ಹೋಗಬೇಕಾದವಳು ಆಕೆಯೇ ಅಲ್ಲವೇ?

ಹಳೆಯ ವಿದ್ಯಾರ್ಥಿನಿಯರಿಗೂ ಒಂದು ವಿಜ್ಞಾಪನೆ. ಬಿಟ್ಟುಕೊಟ್ಟ ಕರೆಗೆ ಮೌನವಾಗಿರಬೇಡಿರಿ. ಎರಡು ಮನೆಗಳನ್ನು ತಿಂಗಳುಗಟ್ಟಲೆ ಕಾಯಿಸುವುದು ಸಭ್ಯತೆಯಲ್ಲ. ನಿಶ್ಚಯಿಸಿದ ದಿನವೇ, 'ತಮ್ಮ ಕರೆಗೆ ಕೃತಜ್ಞಳು, ಈ ಕಾರಣದಿಂದ ಒಪ್ಪಲಾಗಲಿಲ್ಲ' ಎಂದು ನಾಲ್ಕು ಸಾಲು ಬರೆಯಿರಿ. ಆ ಸ್ಥಾನಕ್ಕೆ ಯೋಗ್ಯಳಾದ ಗೆಳತಿಯಿದ್ದರೆ ಆಕೆಯ ಹೆಸರನ್ನೂ ಸೂಚಿಸಿರಿ. ತುರುವೇಕೆರೆಯ ಆ ನಮ್ಮ ಹುಡುಗಿಯು ಬೆಂಗಳೂರಿನ ಕಂಪನಿಗೆ ಹಾಗೆಯೇ ಬರೆದಳು. ಅವಳು ಸೂಚಿಸಿದ ಗೆಳತಿ ಅಲ್ಲಿ ಸೇರಿ ಈಗ ಚೆನ್ನಾಗಿದ್ದಾಳೆ. ಆಕೆಗೆ ಮೊದಲಿನಿಂದಲೂ ಕಾಯಿದೆ ಕಾನೂನುಗಳ ಓದಿನಲ್ಲಿಯೇ ರುಚಿ. ಒಬ್ಬಳಿಗೆ ಕಟ್ಟಾಗಿ ತೋರಿದ್ದು ಇನ್ನೊಬ್ಬಳಿಗೆ ದಾರಿಯಾಯಿತು.

ಆದಕಾರಣ, ಎರಡು ಕಾಗದಗಳು ಒಟ್ಟಿಗೆ ಬಂದ ಹುಡುಗಿಯು ಗಾಬರಿಪಡಬೇಕಾದುದಿಲ್ಲ. ಮೊದಲು ಸಾಲದ ಲೆಕ್ಕ, ಆಮೇಲೆ ಕೈಗೆ ಬರುವ ಸಂಬಳದ ಲೆಕ್ಕ, ಅದಾದ ಮೇಲೆ ಐದು ವರ್ಷದ ಪ್ರಶ್ನೆ. ಹುದ್ದೆಯ ಹೆಸರು ಎಲ್ಲಕ್ಕೂ ಕೊನೆಗೆ. ಈ ಕ್ರಮದಲ್ಲಿ ನೋಡಿದರೆ ಬಹುಮಟ್ಟಿಗೆ ಉತ್ತರವು ತಾನಾಗಿ ತೋರುವುದು. ಒಂದು ವೇಳೆ ಆಯ್ಕೆ ತಪ್ಪಿತೆಂದೇ ಇಟ್ಟುಕೊಳ್ಳೋಣ. ಕಸಬನ್ನು ಕಲಿಸುವ ಉದ್ಯೋಗವನ್ನು ಆರಿಸಿಕೊಂಡವಳಿಗೆ ಆ ತಪ್ಪನ್ನು ತಿದ್ದಿಕೊಳ್ಳುವ ಶಕ್ತಿಯೂ ಅದರೊಡನೆಯೇ ಬಂದಿರುತ್ತದೆ. ನಮ್ಮ ಹೆಣ್ಣುಮಕ್ಕಳು ಯಾವ ಊರಿನಲ್ಲಿ ಯಾವ ಕೆಲಸದಲ್ಲಿದ್ದರೂ, ತಮ್ಮ ಕೈಯ ವಿದ್ಯೆಯಿಂದ ತಲೆಯೆತ್ತಿ ಬಾಳಲೆಂದು ಹಾರೈಸುತ್ತೇನೆ.

— ಮುಖ್ಯೋಪಾಧ್ಯಾಯಿನಿ